ಗಿಡಗಳ ಕಾಯಿಲೆಯ ಗುಟ್ಟು ಬಿಡಿಸಿದ ಎರ್ವಿನ್ ಸ್ಮಿತ್



ಟೊಮೆಟೊ ಹೊಲದಲ್ಲಿ ಬೆಳಿಗ್ಗೆ ಹಸಿರಾಗಿ ನಿಂತಿದ್ದ ಗಿಡವೊಂದು ಮಧ್ಯಾಹ್ನದ ಹೊತ್ತಿಗೆ ಎಲೆ ಜೋಲು ಹಾಕಿಕೊಂಡು ನಿಲ್ಲುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ನೀರು ಸಾಲದೆಂದು ರೈತ ನೀರು ಹಾಯಿಸುತ್ತಾನೆ. ಸಂಜೆ ತಂಪಿಗೆ ಗಿಡ ಸ್ವಲ್ಪ ಚೇತರಿಸಿಕೊಂಡಂತೆ ಕಾಣುತ್ತದೆ. ಮರುದಿನ ಮತ್ತೆ ಅದೇ ಕಥೆ. ಕೆಲವೇ ದಿನಗಳಲ್ಲಿ ಎಲೆ ಹಸಿರಾಗಿರುವಾಗಲೇ ಗಿಡ ಸತ್ತುಹೋಗುತ್ತದೆ. ನಮ್ಮ ರೈತರು ಇದಕ್ಕೆ ಸೊರಗು ರೋಗ ಎನ್ನುತ್ತಾರೆ.

ಅಂಥ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಒಂದು ಗಾಜಿನ ಲೋಟದ ಶುದ್ಧ ನೀರಿನಲ್ಲಿ ಅದರ ತುದಿ ಮುಳುಗುವಂತೆ ಹಿಡಿದು ನೋಡಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆಗಳು ನೀರಿನೊಳಗೆ ಇಳಿಯತೊಡಗಿದರೆ, ಆ ಸೊರಗಿಗೆ ಕಾರಣ ಬ್ಯಾಕ್ಟೀರಿಯಾ. ಆ ಎಳೆಗಳಲ್ಲಿ ಲಕ್ಷೋಪಲಕ್ಷ ಸೂಕ್ಷ್ಮಜೀವಿಗಳಿರುತ್ತವೆ. ಶಿಲೀಂಧ್ರದಿಂದ ಬರುವ ಸೊರಗಿನಲ್ಲಿ ಈ ಹಾಲು ಕಾಣುವುದಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿಯೂ ಮಾಡಬಹುದಾದ ಸುಲಭ ಪರೀಕ್ಷೆಯಿದು.

ಟೊಮೆಟೊ, ಬದನೆ, ಆಲೂಗಡ್ಡೆಗಳನ್ನು ಕೊಲ್ಲುವ ಈ ಬ್ಯಾಕ್ಟೀರಿಯವನ್ನು 1896ರಲ್ಲಿ ವಿವರಿಸಿ ಅದಕ್ಕೊಂದು ಹೆಸರಿಟ್ಟವರು ಎರ್ವಿನ್ ಫ್ರಿಂಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ. ಲೂಯಿ ಪಾಶ್ಚರ್ ಮತ್ತು ರಾಬರ್ಟ್ ಕಾಕ್ ಅವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿದೆ. ಮನುಷ್ಯ ಮತ್ತು ಪ್ರಾಣಿಗಳ ರೋಗಗಳ ವಿಷಯದಲ್ಲಿ ಅವರು ಮಾಡಿದ ಕೆಲಸವನ್ನು ಸಸ್ಯಗಳ ವಿಷಯದಲ್ಲಿ ಮಾಡಿದವರು ಸ್ಮಿತ್. ಅವರ ಬದುಕಿನಲ್ಲಿ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದ ಒಂದು ಪಾಠವಿದೆ. ಅದು ಸಬ್ರ್, ಅಂದರೆ ತಾಳ್ಮೆಯ ಪಾಠ. ಕೈಕಟ್ಟಿ ಕೂರುವ ತಾಳ್ಮೆಯಲ್ಲ, ದುಡಿಯುತ್ತ ಕಾಯುವ ತಾಳ್ಮೆ.

ಇಪ್ಪತ್ತಾರರ ವಯಸ್ಸಿನಲ್ಲಿ ಹೈಸ್ಕೂಲು

ಸ್ಮಿತ್ ಹುಟ್ಟಿದ್ದು 1854ರ ಜನವರಿ 21ರಂದು, ನ್ಯೂಯಾರ್ಕ್ ರಾಜ್ಯದ ಗಿಲ್ಬರ್ಟ್ ಮಿಲ್ಸ್ ಎಂಬ ಹಳ್ಳಿಯಲ್ಲಿ. 1870ರಲ್ಲಿ ಕುಟುಂಬ ಮಿಷಿಗನ್ ರಾಜ್ಯಕ್ಕೆ ಹೋಗಿ ಹಬರ್ಡ್‌ಸ್ಟನ್ ಎಂಬ ಊರಿನ ಬಳಿ ಜಮೀನು ಮಾಡಿತು. ಹದಿನಾರು ವರ್ಷದ ಹುಡುಗ ಶಾಲೆಯಲ್ಲಿರಬೇಕಾದ ಹೊತ್ತಿನಲ್ಲಿ ಹೊಲದಲ್ಲಿ ದುಡಿಯಬೇಕಾಯಿತು. ಹೀಗಾಗಿ ಅವರು ಅಯೋನಿಯಾ ಪಟ್ಟಣದ ಹೈಸ್ಕೂಲನ್ನು ಮುಗಿಸಿದ್ದು 1880ರಲ್ಲಿ. ಆಗ ಅವರ ವಯಸ್ಸು 26.

ಓದುಗರೇ, ಇಲ್ಲಿ ಒಂದು ಕ್ಷಣ ನಿಲ್ಲೋಣ. ನಮ್ಮ ಸಮಾಜದಲ್ಲಿ ಎಸ್‌ಎಸ್‌ಎಲ್‌ಸಿಯಲ್ಲಿ ಒಂದು ವಿಷಯ ಉಳಿದರೆ ಓದೇ ಮುಗಿಯಿತೆಂದು ಗ್ಯಾರೇಜಿಗೋ ಅಂಗಡಿಗೋ ಸೇರುವ ಹುಡುಗರಿದ್ದಾರೆ. ಮನೆಯ ಜವಾಬ್ದಾರಿಯಿಂದ ಎರಡು ವರ್ಷ ಓದು ಬಿಟ್ಟ ಹುಡುಗಿಗೆ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲು ಸಂಕೋಚ. ಚಿಕ್ಕವರ ಜೊತೆ ಹೇಗೆ ಕೂರುವುದು ಎಂಬ ನಾಚಿಕೆ. ಸ್ಮಿತ್ ತಮಗಿಂತ ಎಷ್ಟೋ ವರ್ಷ ಚಿಕ್ಕವರ ಜೊತೆ ಕೂತು ಓದಿದರು. ಆ ತಡ ಅವರ ಕಲಿಕೆಗೆ ಅಡ್ಡಿಯಾಗಲಿಲ್ಲ.

ಏಕೆಂದರೆ ಶಾಲೆಯ ಹೊರಗಿದ್ದ ವರ್ಷಗಳನ್ನು ಅವರು ವ್ಯರ್ಥ ಮಾಡಿರಲಿಲ್ಲ. ಊರಿನಲ್ಲಿ ಚಾರ್ಲ್ಸ್ ವೀಲರ್ ಎಂಬ ಔಷಧಿ ಅಂಗಡಿಯವರಿದ್ದರು. ಅವರಿಗೆ ಸಸ್ಯಶಾಸ್ತ್ರದ ಹುಚ್ಚು. ಅವರ ಜೊತೆ ಸ್ಮಿತ್ ಕಾಡು ಮೇಡು ತಿರುಗಿ ಗಿಡಗಳನ್ನು ಗುರುತಿಸಲು ಕಲಿತರು. ಅವರಿಂದಲೇ ಫ್ರೆಂಚ್ ಭಾಷೆಯನ್ನೂ ಕಲಿತರು. ಹೈಸ್ಕೂಲು ಮುಗಿದ ಮರುವರ್ಷವೇ, 1881ರಲ್ಲಿ, ಮಿಷಿಗನ್ ರಾಜ್ಯದ ಸಸ್ಯಗಳ ಪಟ್ಟಿಯೊಂದು ಇಬ್ಬರ ಹೆಸರಿನಲ್ಲೂ ಪ್ರಕಟವಾಯಿತು. ಉಸ್ತಾದ್ ಆಗಲು ದೊಡ್ಡ ಹುದ್ದೆ ಬೇಕಿಲ್ಲ, ಕಲಿಸುವ ಮನಸ್ಸಿದ್ದರೆ ಸಾಕು ಎಂಬುದಕ್ಕೆ ವೀಲರ್ ಸಾಕ್ಷಿ.

ಮುಂದೆ ಸ್ಮಿತ್ ಮಿಷಿಗನ್ ರಾಜ್ಯದ ಆರೋಗ್ಯ ಮಂಡಳಿಯಲ್ಲಿ ಕೆಲಸ ಮಾಡಿದರು. ಕೊಳಚೆ ನೀರು ಮತ್ತು ಸಾಂಕ್ರಾಮಿಕ ರೋಗಗಳ ಬಗ್ಗೆ ಅಲ್ಲಿ ಓದಿ ಬರೆದರು. ಯುರೋಪಿನಲ್ಲಿ ಪಾಶ್ಚರ್ ಮತ್ತು ಕಾಕ್ ನಡೆಸುತ್ತಿದ್ದ ಸಂಶೋಧನೆಗಳ ಸುದ್ದಿ ಅವರನ್ನು ಹಿಡಿದಿಟ್ಟಿತು. 1886ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಅದೇ ವರ್ಷ ಅಮೆರಿಕ ಸರ್ಕಾರದ ಕೃಷಿ ಇಲಾಖೆಗೆ ಸೇರಿದರು. 1889ರಲ್ಲಿ ಡಾಕ್ಟರೇಟ್ ಬಂತು. ಮುಂದಿನ ನಲವತ್ತು ವರ್ಷ, ಸಾಯುವವರೆಗೂ, ಅವರು ಅದೇ ಇಲಾಖೆಯಲ್ಲಿ ದುಡಿದರು.

ಸಿಗದ ರೋಗಾಣು

ಗಿಡಗಳಿಗೆ ಕಾಯಿಲೆ ಬರುತ್ತದೆ ಎಂಬುದು ಹೊಸ ವಿಷಯವಲ್ಲ. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಸೆವಿಲ್ ನಗರದಲ್ಲಿದ್ದ ಇಬ್ನುಲ್ ಅವ್ವಾಮ್ ಅರಬ್ಬಿಯಲ್ಲಿ ಬರೆದ ಕೃಷಿ ಗ್ರಂಥದಲ್ಲಿ ಮರಗಳ ರೋಗಗಳು ಮತ್ತು ಅವುಗಳ ಚಿಕಿತ್ಸೆಯ ವಿವರಗಳಿವೆ. ಆದರೆ ಕಣ್ಣಿಗೆ ಕಾಣದ ಜೀವಿಗಳನ್ನು ನೋಡುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ. ಸೂಕ್ಷ್ಮದರ್ಶಕ ಬಂದ ಮೇಲೆಯೂ ಸಸ್ಯರೋಗಗಳಲ್ಲಿ ಬ್ಯಾಕ್ಟೀರಿಯಾದ ಪಾತ್ರವನ್ನು ಒಪ್ಪಲು ಬಹಳ ಕಾಲ ಬೇಕಾಯಿತು. ಪೇರು ಮತ್ತು ಸೇಬಿನ ಮರಗಳನ್ನು ಸುಟ್ಟಂತೆ ಮಾಡುವ ರೋಗಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ಇಲಿನಾಯ್‌ನ ಥಾಮಸ್ ಬರ್ರಿಲ್ 1878ರ ಹೊತ್ತಿಗೆ ಹೇಳಿದ್ದರು. ಆದರೂ ಯುರೋಪಿನ ದೊಡ್ಡ ವಿದ್ವಾಂಸರು ನಂಬಲಿಲ್ಲ.

ಕೃಷಿ ಇಲಾಖೆ ಸ್ಮಿತ್ ಅವರಿಗೆ ಮೊದಲು ವಹಿಸಿದ ದೊಡ್ಡ ಕೆಲಸ ಪೀಚ್ ಹಣ್ಣಿನ ತೋಟಗಳನ್ನು ನಾಶ ಮಾಡುತ್ತಿದ್ದ ಹಳದಿ ರೋಗ. ಅವರು ತೋಟದಿಂದ ತೋಟಕ್ಕೆ ಅಲೆದರು. ರೋಗದ ಮರದ ಮೊಗ್ಗನ್ನು ಆರೋಗ್ಯವಂತ ಮರಕ್ಕೆ ಕಣ್ಣು ಕಸಿ ಮಾಡಿದರೆ ಆ ಮರಕ್ಕೂ ರೋಗ ಬರುತ್ತದೆ ಎಂದು ತೋರಿಸಿದರು. ಅಂದರೆ ಇದು ಅಂಟುರೋಗ. ಆದರೆ ರೋಗಾಣು ಯಾವುದು? ಎಷ್ಟು ಹುಡುಕಿದರೂ ಸಿಗಲಿಲ್ಲ.

ಆ ಕಾಲದಲ್ಲಿ ಯಾವುದೋ ಒಂದು ಬ್ಯಾಕ್ಟೀರಿಯವನ್ನು ತೋರಿಸಿ ಇದೇ ಕಾರಣ ಎಂದಿದ್ದರೆ ಹೆಸರು ಸುಲಭವಾಗಿ ಬರುತ್ತಿತ್ತು. ಸ್ಮಿತ್ ಹಾಗೆ ಮಾಡಲಿಲ್ಲ. ತಿಳಿದದ್ದನ್ನು ಬರೆದರು, ತಿಳಿಯದ್ದನ್ನು ತಿಳಿಯದೆಂದೇ ಬಿಟ್ಟರು. ಆ ರೋಗದ ಗುಂಪಿಗೆ ಕಾರಣವಾದ, ಕೋಶಭಿತ್ತಿಯಿಲ್ಲದ ವಿಚಿತ್ರ ಬ್ಯಾಕ್ಟೀರಿಯಾಗಳನ್ನು ಜಪಾನಿನ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡದ್ದು 1967ರಲ್ಲಿ. ಇಂದು ಅವುಗಳನ್ನು ಫೈಟೋಪ್ಲಾಸ್ಮಾ ಎನ್ನುತ್ತಾರೆ. ಸ್ಮಿತ್ ತೀರಿಕೊಂಡು ಆಗ ನಲವತ್ತು ವರ್ಷವಾಗಿತ್ತು. ಅವರ ಕಾಲದ ಸಾಧನಗಳಿಂದ ಅವು ಕಾಣುವಂತೆಯೇ ಇರಲಿಲ್ಲ.

ನಾಲ್ಕು ಮೆಟ್ಟಿಲುಗಳ ಪರೀಕ್ಷೆ

ಒಂದು ರೋಗಕ್ಕೆ ಇಂಥದೇ ಸೂಕ್ಷ್ಮಜೀವಿ ಕಾರಣವೆಂದು ಹೇಳಬೇಕಾದರೆ ನಾಲ್ಕು ಮೆಟ್ಟಿಲು ಹತ್ತಬೇಕು. ಮೊದಲು, ಆ ಜೀವಿ ರೋಗವಿರುವಲ್ಲೆಲ್ಲ ಕಾಣಬೇಕು. ಎರಡನೆಯದಾಗಿ, ಅದನ್ನು ಬೇರೆ ಮಾಡಿ ಪ್ರಯೋಗಾಲಯದಲ್ಲಿ ಶುದ್ಧವಾಗಿ ಬೆಳೆಸಬೇಕು. ಮೂರನೆಯದಾಗಿ, ಹಾಗೆ ಬೆಳೆಸಿದ್ದನ್ನು ಆರೋಗ್ಯವಾಗಿರುವ ಜೀವಿಗೆ ಸೇರಿಸಿದಾಗ ಅದೇ ರೋಗ ಬರಬೇಕು. ನಾಲ್ಕನೆಯದಾಗಿ, ಆ ಹೊಸ ರೋಗಿಯಿಂದ ಅದೇ ಜೀವಿ ಮತ್ತೆ ಸಿಗಬೇಕು. ಇದು ರಾಬರ್ಟ್ ಕಾಕ್ ಅವರ ಹೆಸರಿನಲ್ಲಿರುವ ನಿಯಮ.

ಸ್ಮಿತ್ ಒಂದೊಂದೇ ಸಸ್ಯರೋಗವನ್ನು ಹಿಡಿದು ಈ ನಾಲ್ಕು ಮೆಟ್ಟಿಲು ಹತ್ತಿಸಿದರು. ಸೌತೆ, ಕರ್ಬೂಜ ಮುಂತಾದ ಬಳ್ಳಿಗಳ ಸೊರಗು ರೋಗ 1890ರ ದಶಕದಲ್ಲಿ ಮೊದಲು ಬಂತು. ಆ ಬಳ್ಳಿಯ ಕಾಂಡವನ್ನು ಕತ್ತರಿಸಿ ಎರಡು ತುದಿಗಳನ್ನು ತಾಗಿಸಿ ಮೆಲ್ಲನೆ ಬಿಡಿಸಿದರೆ ನಡುವೆ ಅಂಟಿನ ಎಳೆ ಎಳೆಯುತ್ತದೆ. ಸೌತೆಯ ಪಟ್ಟೆ ಜೀರುಂಡೆ ಎಲೆ ಕಡಿಯುವಾಗ ಈ ರೋಗವನ್ನು ಹರಡುತ್ತದೆ ಎಂಬುದನ್ನೂ ಅವರು ಗಮನಿಸಿದರು. ಆಮೇಲೆ ಟೊಮೆಟೊ ಜಾತಿಯ ಸೊರಗು. ನಂತರ ಎಲೆಕೋಸಿನ ಕಪ್ಪು ಕೊಳೆ ರೋಗ. ಎಲೆಯ ಅಂಚಿನಲ್ಲಿ ನೀರು ಹೊರಬರುವ ಸಣ್ಣ ರಂಧ್ರಗಳ ಮೂಲಕ ಬ್ಯಾಕ್ಟೀರಿಯಾ ಒಳನುಗ್ಗಿ, ನರಗಳನ್ನು ಕಪ್ಪಾಗಿಸುತ್ತ ಕಾಂಡದತ್ತ ಸಾಗುತ್ತದೆ ಎಂದು ಅವರು ತೋರಿಸಿದರು.

ಈ ಮೂರು ರೋಗಗಳ ಬ್ಯಾಕ್ಟೀರಿಯಾಗಳೂ ಗಿಡದೊಳಗೆ ನೀರು ಹರಿಯುವ ಕೊಳವೆಗಳಲ್ಲೇ ಮನೆ ಮಾಡುತ್ತವೆ. ಮೂರೂ ಅಂಟು ಅಂಟಾದ ಲೋಳೆಯನ್ನು ತಯಾರಿಸುತ್ತವೆ. ಈ ಲೋಳೆಯ ವಿಷಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದು ಮತ್ತೆ ಬರುತ್ತದೆ.

ಜರ್ಮನಿಯ ವಿದ್ವಾಂಸರೊಂದಿಗೆ ವಾದ

1897ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಪ್ರಸಿದ್ಧ ವಿದ್ವಾಂಸ ಆಲ್ಫ್ರೆಡ್ ಫಿಷರ್ ಬ್ಯಾಕ್ಟೀರಿಯಾಗಳ ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಸಸ್ಯದ ಜೀವಕೋಶಗಳಿಗೆ ಗಟ್ಟಿ ಗೋಡೆಯಿದೆ, ಬ್ಯಾಕ್ಟೀರಿಯಾ ಒಳಹೋಗಲಾರದು, ಸತ್ತ ಭಾಗದಲ್ಲಿ ಕೊಳೆತದ್ದನ್ನು ತಿನ್ನಲು ಬರುವ ಬ್ಯಾಕ್ಟೀರಿಯವನ್ನೇ ಜನ ರೋಗಕ್ಕೆ ಕಾರಣವೆಂದು ತಪ್ಪು ತಿಳಿಯುತ್ತಿದ್ದಾರೆ ಎಂಬುದು ಅವರ ವಾದ. ಆ ಕಾಲದಲ್ಲಿ ವಿಜ್ಞಾನದ ರಾಜಧಾನಿ ಜರ್ಮನಿ. ಅಮೆರಿಕದ ಸರ್ಕಾರಿ ನೌಕರರೊಬ್ಬರ ಮಾತಿಗೆ ಅಲ್ಲಿ ಎಷ್ಟು ಬೆಲೆಯಿದ್ದೀತು ಎಂದು ನೀವೇ ಊಹಿಸಿ.

ಸ್ಮಿತ್ ಹಿಂಜರಿಯಲಿಲ್ಲ. ಜರ್ಮನಿಯವರೇ ಓದುವ ಪತ್ರಿಕೆಯಲ್ಲಿ ಅವರಿಗೆ ಉತ್ತರಿಸಿದರು. 1899ರಿಂದ 1901ರವರೆಗೆ ಈ ವಾದ ನಡೆಯಿತು. ಸ್ಮಿತ್ ಅವರ ಭಾಷೆ ಖಾರವಾಗಿತ್ತು, ಆದರೆ ಗೆದ್ದದ್ದು ಖಾರದಿಂದಲ್ಲ. ರೋಗದ ಗಿಡಗಳ ತೆಳು ಸೀಳುಗಳು, ಜೀವಂತ ಅಂಗಾಂಶದ ಒಳಗೆ ತುಂಬಿರುವ ಬ್ಯಾಕ್ಟೀರಿಯಾದ ಛಾಯಾಚಿತ್ರಗಳು, ಸೂಜಿ ಚುಚ್ಚಿ ರೋಗ ಬರಿಸಿದ ಗಿಡಗಳ ವಿವರಗಳು ಅವರ ಕೈಯಲ್ಲಿದ್ದವು. ಆ ಪುರಾವೆಗಳ ಮುಂದೆ ಫಿಷರ್ ಅವರ ವಾದ ನಿಲ್ಲಲಿಲ್ಲ. ಸಸ್ಯ ಬ್ಯಾಕ್ಟೀರಿಯಾಶಾಸ್ತ್ರ ಎಂಬ ವಿದ್ಯೆಗೆ ಅಲ್ಲಿಂದ ಭದ್ರ ನೆಲೆ ಸಿಕ್ಕಿತು.

ಫಿಷರ್ ಅವರ ಪ್ರಶ್ನೆ ಮೂರ್ಖ ಪ್ರಶ್ನೆಯಾಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕೋಶಭಿತ್ತಿ ನಿಜವಾಗಿಯೂ ಗಟ್ಟಿಯಾದದ್ದು. ಒಳ್ಳೆಯ ವಿರೋಧಿಯ ಪ್ರಶ್ನೆ ನಮ್ಮ ಪುರಾವೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಗಟ್ಟಿ ಧ್ವನಿಯಲ್ಲಿ ಹೇಳಿದ್ದೇ ಸತ್ಯವೆನಿಸಿಕೊಳ್ಳುವ, ಮೊಬೈಲಿಗೆ ಬಂದದ್ದನ್ನು ವಿಚಾರಿಸದೆ ಮುಂದೆ ಕಳುಹಿಸುವ ಈ ದಿನಗಳಲ್ಲಿ ಈ ಮಾತು ನಮಗೆ ಹೆಚ್ಚು ಬೇಕಾಗಿದೆ.

ಗಿಡಗಳ ಗಂಟು

1904ರಲ್ಲಿ ಸ್ಮಿತ್ ಅವರ ಪ್ರಯೋಗಾಲಯಕ್ಕೆ ಕಾಂಡದಲ್ಲಿ ದೊಡ್ಡ ಗಂಟುಗಳೆದ್ದಿದ್ದ ಡೇಸಿ ಹೂವಿನ ಗಿಡಗಳು ಬಂದವು. ದ್ರಾಕ್ಷಿ, ಪೀಚ್, ಗುಲಾಬಿಗಳಲ್ಲೂ ಇಂಥ ಗಂಟುಗಳು ಬರುತ್ತಿದ್ದವು. ಇಟಲಿಯ ಫ್ರಿಡಿಯಾನೊ ಕವಾರಾ 1897ರಲ್ಲೇ ದ್ರಾಕ್ಷಿಯ ಗಂಟಿನಿಂದ ಬ್ಯಾಕ್ಟೀರಿಯಾ ಬೇರ್ಪಡಿಸಿದ್ದರು, ಆದರೆ ಅದು ಹೆಚ್ಚು ಜನರ ಗಮನಕ್ಕೆ ಬಂದಿರಲಿಲ್ಲ. ಸ್ಮಿತ್ ಮತ್ತು ಅವರ ಸಹೋದ್ಯೋಗಿ ಚಾರ್ಲ್ಸ್ ಟೌನ್ಸೆಂಡ್ ಪ್ರಯತ್ನದ ಮೇಲೆ ಪ್ರಯತ್ನ ಮಾಡಿ, ಕೊನೆಗೆ ಕಾರಣವಾದ ಬ್ಯಾಕ್ಟೀರಿಯವನ್ನು ಶುದ್ಧವಾಗಿ ಬೆಳೆಸಿ, ಆರೋಗ್ಯವಂತ ಗಿಡಗಳಿಗೆ ಚುಚ್ಚಿ, ಅಲ್ಲೂ ಗಂಟು ಬರಿಸಿ 1907ರಲ್ಲಿ ಪ್ರಕಟಿಸಿದರು. ಈ ಬ್ಯಾಕ್ಟೀರಿಯವೇ ಮುಂದೆ ಆಗ್ರೋಬ್ಯಾಕ್ಟೀರಿಯಂ ಎಂದು ಪ್ರಸಿದ್ಧವಾಯಿತು.

ಸ್ಮಿತ್ ಈ ಗಂಟನ್ನು ಸಸ್ಯದ ಕ್ಯಾನ್ಸರ್ ಎಂದು ಕರೆದರು. ಮನುಷ್ಯರ ಕ್ಯಾನ್ಸರ್‌ನ ಗುಟ್ಟೂ ಇದರಿಂದ ತಿಳಿದೀತು ಎಂಬ ಆಸೆ ಅವರಿಗಿತ್ತು. 1913ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಈ ಕೆಲಸಕ್ಕಾಗಿ ಅವರನ್ನು ಗೌರವಿಸಿತು. ಮನುಷ್ಯರ ಕ್ಯಾನ್ಸರ್‌ಗೂ ಪರಜೀವಿಯೇ ಕಾರಣವಿರಬೇಕೆಂಬ ಅವರ ನಂಬಿಕೆ ಮಾತ್ರ ನಿಜವಾಗಲಿಲ್ಲ. ಹೊಟ್ಟೆಯ ಹೆಲಿಕೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ, ಗರ್ಭಕಂಠದ ಕ್ಯಾನ್ಸರ್ ತರುವ ಪ್ಯಾಪಿಲೋಮಾ ವೈರಸ್ ಮುಂತಾದ ಕೆಲವು ಜೀವಿಗಳ ಪಾತ್ರ ಇಂದು ಸಾಬೀತಾಗಿದೆ. ಆದರೆ ಬಹುಪಾಲು ಕ್ಯಾನ್ಸರ್ ನಮ್ಮದೇ ಜೀವಕೋಶಗಳ ವಂಶವಾಹಿಗಳು ಕೆಡುವುದರಿಂದ ಬರುತ್ತದೆ. ದೊಡ್ಡ ವಿಜ್ಞಾನಿಯ ಮಾತನ್ನೂ ಪುರಾವೆಯ ತಕ್ಕಡಿಯಲ್ಲೇ ತೂಗಬೇಕು. ಅದು ಅವರೇ ಕಲಿಸಿದ ಪಾಠ.

ಹೆಣ್ಣುಮಕ್ಕಳಿಗೆ ತೆರೆದ ಬಾಗಿಲು

ಸ್ಮಿತ್ ಅವರ ಬಗ್ಗೆ ಬರೆಯುವಾಗ ಬಿಡಲಾಗದ ಸಂಗತಿ ಇನ್ನೊಂದಿದೆ. ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ದೇಶದಾದ್ಯಂತ ಮತದಾನದ ಹಕ್ಕು ಸಿಕ್ಕಿದ್ದು 1920ರಲ್ಲಿ. ಅದಕ್ಕೆ ಎಷ್ಟೋ ಮೊದಲೇ ಅವರು ತಮ್ಮ ಪ್ರಯೋಗಾಲಯದಲ್ಲಿ ಮಹಿಳೆಯರನ್ನು ನೇಮಿಸಿಕೊಳ್ಳತೊಡಗಿದ್ದರು. ಅವರ ಕಾಲದಲ್ಲಿ ಅಲ್ಲಿ ದುಡಿದ ಮಹಿಳೆಯರು ಇಪ್ಪತ್ತಕ್ಕೂ ಹೆಚ್ಚು. ಅವರಿಗೆ ಬಾಟಲಿ ತೊಳೆಯುವ ಕೆಲಸವನ್ನಷ್ಟೇ ಕೊಡದೆ ಸಂಶೋಧನೆಯನ್ನು ವಹಿಸಿ, ಅವರವರ ಹೆಸರಿನಲ್ಲೇ ಪ್ರಬಂಧಗಳನ್ನು ಪ್ರಕಟಿಸಲು ಅವಕಾಶ ಕೊಟ್ಟರು. ನೆಲ್ಲಿ ಬ್ರೌನ್ ಗಂಟು ರೋಗದ ಮೇಲೆ ಅವರೊಡನೆ ಕೆಲಸ ಮಾಡಿದರು. ಕೃಷಿ ಇಲಾಖೆಯಲ್ಲಿದ್ದ ಕ್ಲಾರಾ ಹ್ಯಾಸೆ 1915ರಲ್ಲಿ ನಿಂಬೆ ಜಾತಿಯ ಕಜ್ಜಿ ರೋಗದ ಬ್ಯಾಕ್ಟೀರಿಯವನ್ನು ಕಂಡುಹಿಡಿದರು. ಷಾರ್ಲೆಟ್ ಎಲಿಯಟ್ 1930ರಲ್ಲಿ ಸಸ್ಯರೋಗಗಳ ಬ್ಯಾಕ್ಟೀರಿಯಾಗಳ ಕೈಪಿಡಿ ಬರೆದರು. ಫ್ಲಾರೆನ್ಸ್ ಹೆಡ್ಜಸ್ ಸ್ಮಿತ್ ಅವರ ಜೊತೆ ಸೇರಿ ಪಾಶ್ಚರ್ ಅವರ ಕುರಿತ ಫ್ರೆಂಚ್ ಪುಸ್ತಕವೊಂದನ್ನು 1920ರಲ್ಲಿ ಇಂಗ್ಲಿಷಿಗೆ ತಂದರು.

ನಮ್ಮ ನಿಂಬೆ ತೋಟಗಳಲ್ಲಿ ಕಾಣುವ ಕಜ್ಜಿ ರೋಗದ ಮೂಲವನ್ನು ತಿಳಿಸಿಕೊಟ್ಟವರು ಒಬ್ಬ ಮಹಿಳೆ ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ತಿಳಿದಿರಲಿ. ಅವರ ತಂದೆ ತಾಯಿಗಳೂ ತಿಳಿದಿರಲಿ.

ಸ್ಮಿತ್ ಅವರ ಖಾಸಗಿ ಬದುಕಿನಲ್ಲಿ ದುಃಖವೂ ಇತ್ತು. ಪತ್ನಿ ಷಾರ್ಲೆಟ್ 1906ರಲ್ಲಿ ತೀರಿಕೊಂಡರು. ಗಂಟು ರೋಗದ ಸಂಶೋಧನೆಯ ಮಹತ್ವದ ವರ್ಷಗಳವು. ಪತ್ನಿಯ ನೆನಪಿಗೆ ಕವಿತೆಗಳನ್ನು ಬರೆದು 1915ರಲ್ಲಿ ಪುಸ್ತಕವಾಗಿ ಹಂಚಿದರು. 1905, 1911 ಮತ್ತು 1914ರಲ್ಲಿ ಸಸ್ಯರೋಗಗಳ ಬ್ಯಾಕ್ಟೀರಿಯಾ ಕುರಿತ ಅವರ ಬೃಹತ್ ಗ್ರಂಥದ ಮೂರು ಸಂಪುಟಗಳು ಬಂದವು. 1920ರಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಪಠ್ಯಪುಸ್ತಕ ಬರೆದರು. 1927ರ ಏಪ್ರಿಲ್ 6ರಂದು ವಾಷಿಂಗ್ಟನ್ನಿನಲ್ಲಿ ನಿಧನರಾದರು. ಬ್ಯಾಕ್ಟೀರಿಯಾಗಳ ಒಂದು ಕುಲಕ್ಕೆ ಅವರ ಗೌರವಾರ್ಥವಾಗಿ 1917ರಲ್ಲಿ ಎರ್ವಿನಿಯಾ ಎಂದು ಹೆಸರಿಡಲಾಗಿತ್ತು. ಸೌತೆ ಬಳ್ಳಿಯ ಸೊರಗನ್ನು ತರುವ, ಅವರೇ ಕಂಡುಹಿಡಿದ ಬ್ಯಾಕ್ಟೀರಿಯಾ ಇಂದು ಅವರದೇ ಹೆಸರು ಹೊತ್ತಿದೆ.

ಅವರು ಬಿಟ್ಟುಹೋದ ಪ್ರಶ್ನೆ

ಗಿಡಕ್ಕೆ ರೋಗ ತರುವುದು ಯಾರು ಎಂಬ ಪ್ರಶ್ನೆಗೆ ಸ್ಮಿತ್ ಉತ್ತರ ಕೊಟ್ಟರು. ಅದು ರೋಗವನ್ನು ತರುವುದು ಹೇಗೆ ಎಂಬ ಪ್ರಶ್ನೆ ಮುಂದಿನವರಿಗೆ ಉಳಿಯಿತು. ಉತ್ತರ ಸಿಕ್ಕಿದ್ದು ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ.

ಮೊದಲು ಗಂಟು ರೋಗವನ್ನೇ ನೋಡೋಣ. 1940ರ ದಶಕದಲ್ಲಿ ಆರ್ಮಿನ್ ಬ್ರೌನ್ ಎಂಬ ವಿಜ್ಞಾನಿ ಒಂದು ಅಚ್ಚರಿ ಕಂಡರು. ಬ್ಯಾಕ್ಟೀರಿಯವನ್ನು ಕೊಂದ ಮೇಲೂ ಗಂಟು ಬೆಳೆಯುತ್ತಲೇ ಇತ್ತು. ಹಾಗಾದರೆ ಬ್ಯಾಕ್ಟೀರಿಯಾ ಸಾಯುವ ಮೊದಲು ಗಿಡದ ಕೋಶಕ್ಕೆ ಏನನ್ನೋ ಕೊಟ್ಟುಹೋಗಿರಬೇಕು. 1974ರಲ್ಲಿ ಬೆಲ್ಜಿಯಂನ ಗೆಂಟ್ ನಗರದ ಜೆಫ್ ಶೆಲ್ ಮತ್ತು ಮಾರ್ಕ್ ವಾನ್ ಮಾಂಟಗು ಅವರ ತಂಡ, ಈ ಬ್ಯಾಕ್ಟೀರಿಯಾದಲ್ಲಿರುವ ಬಳೆಯಾಕಾರದ ದೊಡ್ಡದೊಂದು ಡಿಎನ್‌ಎ ತುಣುಕಿನಲ್ಲಿ ರೋಗದ ಶಕ್ತಿಯಿದೆ ಎಂದು ತೋರಿಸಿತು. 1977ರಲ್ಲಿ ಅಮೆರಿಕದ ಮೇರಿ ಡೆಲ್ ಚಿಲ್ಟನ್ ಮತ್ತು ಸಂಗಡಿಗರು ಆ ಡಿಎನ್‌ಎಯ ಒಂದು ಭಾಗ ಗಿಡದ ಕೋಶದೊಳಗೆ ಸೇರಿರುವುದನ್ನು ಕಂಡರು. ಬ್ಯಾಕ್ಟೀರಿಯಾ ತನ್ನ ಜೀನ್‌ಗಳನ್ನು ಗಿಡಕ್ಕೆ ಸೇರಿಸಿ, ಗಿಡದ ಕೈಯಿಂದಲೇ ತನ್ನ ಊಟ ತಯಾರಿಸಿಕೊಳ್ಳುತ್ತದೆ! ಇದೇ ದಾರಿಯನ್ನು ಬಳಸಿ ವಿಜ್ಞಾನಿಗಳು 1983ರಿಂದ ಸಸ್ಯಗಳಿಗೆ ಬೇಕಾದ ಜೀನ್ ಸೇರಿಸತೊಡಗಿದರು.

ಆದರೆ ಈ ಬ್ಯಾಕ್ಟೀರಿಯಾ ರೋಗದ ಜೀನ್‌ಗಳನ್ನು ಸದಾ ಚಾಲೂ ಇಟ್ಟುಕೊಂಡಿರುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಫ್ಯಾನು, ದೀಪ ಹಾಕಿಟ್ಟರೆ ಕರೆಂಟು ದಂಡವಲ್ಲವೇ? ಅದರ ಲೆಕ್ಕವೂ ಹಾಗೆಯೇ. ಗಿಡಕ್ಕೆ ಗಾಯವಾದಾಗ ಅಲ್ಲಿಂದ ಕೆಲವು ರಾಸಾಯನಿಕಗಳು ಒಸರುತ್ತವೆ. ಅವುಗಳಲ್ಲಿ ಅಸಿಟೋಸಿರಿಂಗೋನ್ ಮುಖ್ಯವಾದದ್ದು ಎಂದು 1985ರಲ್ಲಿ ತಿಳಿಯಿತು. ಬ್ಯಾಕ್ಟೀರಿಯಾದ ವಿರ್-ಎ ಎಂಬ ಪ್ರೋಟೀನು ಅದರ ಸುಳಿವು ಹಿಡಿದು ವಿರ್-ಜಿ ಎಂಬ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಅದು ರೋಗದ ಜೀನ್‌ಗಳ ಸ್ವಿಚ್ಚು ಒತ್ತುತ್ತದೆ. ಅಂದರೆ ಗಿಡದ ಗಾಯವೇ ಶತ್ರುವಿಗೆ ಕರೆ.

ಲೋಳೆಯ ಮನೆ

ಈಗ ನೆನಪಿಟ್ಟುಕೊಳ್ಳಲು ಹೇಳಿದ್ದ ಲೋಳೆಯ ವಿಷಯಕ್ಕೆ ಬರೋಣ. ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಒಂದು ಜಿಗುಟು ಪೊರೆ ತಾಗುತ್ತದೆ. ಮಿಸ್ವಾಕ್ ಅಥವಾ ಬ್ರಷ್‌ನಿಂದ ಉಜ್ಜಿದರಷ್ಟೇ ಹೋಗುತ್ತದೆ. ಅದು ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಅಂಟು ಹರಡಿ ಕಟ್ಟಿಕೊಂಡ ಮನೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಎನ್ನುತ್ತಾರೆ. ಒಂಟಿಯಾಗಿರುವ ಬ್ಯಾಕ್ಟೀರಿಯಾಗಿಂತ ಈ ಮನೆಯೊಳಗಿನದಕ್ಕೆ ರಕ್ಷಣೆ ಹೆಚ್ಚು. ಒಣಗುವಿಕೆ, ಔಷಧಿ, ಗಿಡದ ಪ್ರತಿರೋಧ, ಎಲ್ಲವನ್ನೂ ಅದು ಹೆಚ್ಚು ತಡೆದುಕೊಳ್ಳುತ್ತದೆ.

ಟೊಮೆಟೊ ಸೊರಗಿನ ಬ್ಯಾಕ್ಟೀರಿಯಾದ ಇಂದಿನ ಹೆಸರು ರಾಲ್‌ಸ್ಟೋನಿಯಾ. ಸಂಖ್ಯೆ ಕಡಿಮೆಯಿರುವಾಗ ಅದು ಈಜಾಡುತ್ತ ಬೇರನ್ನು ಹುಡುಕುತ್ತದೆ. ಪ್ರತಿಯೊಂದೂ ಒಂದು ರಾಸಾಯನಿಕ ಸಂದೇಶವನ್ನು ಹೊರಬಿಡುತ್ತದೆ. ಗಿಡದ ಕೊಳವೆಯಲ್ಲಿ ಸಂಖ್ಯೆ ಹೆಚ್ಚಾದಂತೆ ಸಂದೇಶವೂ ದಟ್ಟವಾಗುತ್ತದೆ. ಸಾಕಷ್ಟು ಮಂದಿ ಸೇರಿದ್ದೇವೆ ಎಂದು ಗೊತ್ತಾದ ಕೂಡಲೇ ಪಿಎಚ್‌ಸಿಎ ಎಂಬ ನಿಯಂತ್ರಕ ಜೀನ್ ಕೆಲಸಕ್ಕಿಳಿದು ಲೋಳೆಯ ಉತ್ಪಾದನೆ ಶುರು ಮಾಡಿಸುತ್ತದೆ. ಕೊಳವೆ ಕಟ್ಟಿಕೊಂಡು ನೀರು ಮೇಲೇರುವುದಿಲ್ಲ. ಗಿಡ ಸೊರಗುತ್ತದೆ. ಬುಡದಲ್ಲಿ ನೀರು ನಿಂತಿದ್ದರೂ ಗಿಡ ಬಾಯಾರಿ ಸಾಯುವುದು ಇದರಿಂದಲೇ. ಈ ಸಂದೇಶದ ರಾಸಾಯನಿಕವನ್ನು ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಗುರುತಿಸಿದರು.

ಎಲೆಕೋಸಿನ ಕಪ್ಪು ಕೊಳೆಯ ಬ್ಯಾಕ್ಟೀರಿಯಾ ಕ್ಸ್ಯಾಂಥೊಮೊನಾಸ್. ಅದರ ಜಾಣತನ ಬೇರೆ ರೀತಿಯದು. ಅಲ್ಲಿಯೂ ಆರ್‌ಪಿಎಫ್ ಎಂಬ ಜೀನ್‌ಗಳ ಗುಂಪು ಸಂದೇಶವನ್ನು ತಯಾರಿಸಿ ಅದನ್ನು ಅರಿಯುತ್ತದೆ ಎಂದು ಇಂಗ್ಲೆಂಡಿನ ನಾರ್ವಿಚ್‌ನ ತಂಡ 1997ರಲ್ಲಿ ಹೇಳಿತು. 2003ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಸಂದೇಶ ತಯಾರಿಸುವ ಜೀನ್ ಕೆಡಿಸಿದರೆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡೇ ಉಳಿಯುತ್ತವೆ, ಚದುರುವುದಿಲ್ಲ, ರೋಗ ತರುವ ಶಕ್ತಿಯೂ ಕುಗ್ಗುತ್ತದೆ. ಸಂದೇಶ ಸೇರಿಸಿದರೆ ಗುಂಪು ಬಿಚ್ಚಿಕೊಂಡು ಹರಡುತ್ತದೆ. ಮನೆ ಕಟ್ಟುವುದಕ್ಕೂ ಹೊತ್ತಿದೆ, ಮನೆ ಬಿಟ್ಟು ಹೊರಡುವುದಕ್ಕೂ ಹೊತ್ತಿದೆ. ಎರಡನ್ನೂ ಜೀನ್‌ಗಳೇ ನಿಯಂತ್ರಿಸುತ್ತವೆ.

ಇನ್ನೊಂದು ಸೋಜಿಗ ಕೇಳಿ. ಇದೇ ಬ್ಯಾಕ್ಟೀರಿಯಾದ ಲೋಳೆಯನ್ನು ಶುದ್ಧ ಮಾಡಿ ಒಣಗಿಸಿದ ಪುಡಿಯೇ ಕ್ಸ್ಯಾಂಥನ್ ಗಮ್. ಸ್ಮಿತ್ ದುಡಿದ ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಾಲಯದಲ್ಲೇ ಅದು ಮುಂದೆ ರೂಪುಗೊಂಡಿತು. 1969ರಲ್ಲಿ ಆಹಾರದಲ್ಲಿ ಬಳಸಲು ಅಲ್ಲಿ ಅನುಮತಿ ಸಿಕ್ಕಿತು. ಸಾಸ್ ಬಾಟಲಿ ಅಥವಾ ಐಸ್‌ಕ್ರೀಮ್ ಡಬ್ಬಿಯ ಮೇಲೆ 415 ಎಂಬ ಸಂಖ್ಯೆ ಕಂಡರೆ ಅದು ಇದೇ. ಗಿಡವನ್ನು ಕೊಲ್ಲುವ ಲೋಳೆ ನಮ್ಮ ತಟ್ಟೆಯಲ್ಲಿ ಸಾಸನ್ನು ಗಟ್ಟಿ ಮಾಡುತ್ತದೆ. ಸೃಷ್ಟಿಕರ್ತನ ಸೃಷ್ಟಿಯಲ್ಲಿ ವ್ಯರ್ಥವಾದದ್ದು ಯಾವುದಿದೆ?

ನಮಗೇನು?

ಇದೆಲ್ಲ ದೂರದ ಅಮೆರಿಕದ ಕಥೆ ಎಂದುಕೊಳ್ಳಬೇಡಿ. ನಮ್ಮ ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯ ದಾಳಿಂಬೆ ಬೆಳೆಗಾರರನ್ನು 2000ದ ನಂತರದ ವರ್ಷಗಳಲ್ಲಿ ಕಂಗೆಡಿಸಿದ ದುಂಡಾಣು ಅಂಗಮಾರಿ ರೋಗವೂ ಕ್ಸ್ಯಾಂಥೊಮೊನಾಸ್‌ನದೇ ಕೆಲಸ. ಎಷ್ಟೋ ಮಂದಿ ಸಾಲ ಮಾಡಿ ಬೆಳೆಸಿದ ಗಿಡಗಳನ್ನು ಕೈಯಾರೆ ಕಿತ್ತುಹಾಕಿದರು. ಶುಂಠಿ, ಟೊಮೆಟೊ, ಬದನೆ ಬೆಳೆಯುವವರಿಗೆ ರಾಲ್‌ಸ್ಟೋನಿಯಾದ ಕಾಟ ಇಂದಿಗೂ ಇದೆ. ಒಮ್ಮೆ ಗಿಡದ ಕೊಳವೆಗೆ ಹೊಕ್ಕ ಮೇಲೆ ಅದನ್ನು ಓಡಿಸುವ ಔಷಧಿ ಇಲ್ಲ. ಆರೋಗ್ಯವಂತ ಬೀಜ ಮತ್ತು ಸಸಿ, ಬೆಳೆ ಬದಲಾವಣೆ, ನೀರು ಬಸಿದುಹೋಗುವ ವ್ಯವಸ್ಥೆ, ನಿರೋಧಕ ತಳಿ, ಗಾಯವಾಗದಂತೆ ಎಚ್ಚರ, ಕತ್ತರಿಯ ಶುಚಿತ್ವ, ಇವೇ ರೈತನ ಆಯುಧಗಳು. ಬ್ಯಾಕ್ಟೀರಿಯಾಗಳ ನಡುವಿನ ಸಂದೇಶವನ್ನೇ ಕೆಡಿಸಿ ರೋಗ ತಡೆಯಬಹುದೇ ಎಂಬ ಸಂಶೋಧನೆ ಪ್ರಪಂಚದ ಹಲವೆಡೆ ನಡೆದಿದೆ. ಆ ಕೆಲಸಕ್ಕೆ ನಮ್ಮ ಮಕ್ಕಳೂ ಬೇಕಾಗಿದ್ದಾರೆ.

ವಿಜ್ಞಾನವೆಂದರೆ ವೈದ್ಯಕೀಯ ಇಲ್ಲವೇ ಇಂಜಿನಿಯರಿಂಗ್ ಎಂದಷ್ಟೇ ನಮ್ಮಲ್ಲಿ ಅನೇಕರ ತಿಳುವಳಿಕೆ. ಆ ಸೀಟು ಸಿಗದಿದ್ದರೆ ಬದುಕೇ ಮುಗಿಯಿತೆಂದು ಕೊರಗುವವರಿದ್ದಾರೆ. ಕೃಷಿ ವಿಜ್ಞಾನ, ತೋಟಗಾರಿಕೆ, ಸೂಕ್ಷ್ಮಜೀವಿಶಾಸ್ತ್ರ, ಜೈವಿಕ ತಂತ್ರಜ್ಞಾನ ಇವೂ ಜನರ ಹೊಟ್ಟೆ ತುಂಬಿಸುವ ಸೇವೆಯೇ. ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ತಿಂದರೆ ನೆಟ್ಟವನಿಗೆ ಪುಣ್ಯವೆಂದು ನಂಬುವ ನಾವು, ಆ ಗಿಡವನ್ನು ಸಾವಿನಿಂದ ಉಳಿಸುವ ವಿದ್ಯೆಯನ್ನು ಚಿಕ್ಕದೆಂದು ತಿಳಿಯಬಾರದು. ಗ್ರೀಕರಿಂದಲೂ ಭಾರತೀಯರಿಂದಲೂ ಜ್ಞಾನವನ್ನು ಪಡೆದು ಅರಬ್ಬಿಗೆ ತಂದ ಬಗ್ದಾದಿನ ವಿದ್ವಾಂಸರ ವಾರಸುದಾರರು ನಾವು. ಸ್ಮಿತ್ ಅವರಂಥವರಿಂದ ಕಲಿಯಲು ಹಿಂಜರಿಕೆ ಏಕೆ?

ಸಂಘದ ಹಿರಿಯ ಸದಸ್ಯರಲ್ಲಿ ಒಂದು ವಿನಂತಿ. ವಿದ್ಯಾರ್ಥಿವೇತನ ಕೊಡುವಾಗ ಅಂಕಪಟ್ಟಿಯನ್ನು ನೋಡುವಂತೆ, ಓದು ನಿಂತು ಮತ್ತೆ ಆರಂಭಿಸಿದವರನ್ನೂ ನೋಡಿ. ಅವರ ವಯಸ್ಸನ್ನು ಲೆಕ್ಕ ಹಾಕಬೇಡಿ. 26ನೆಯ ವಯಸ್ಸಿನಲ್ಲಿ ಹೈಸ್ಕೂಲು ಮುಗಿಸಿದವನೊಬ್ಬ ಒಂದು ಹೊಸ ವಿದ್ಯೆಗೇ ಬುನಾದಿ ಹಾಕಿದ್ದಾನೆ. ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ತಡವಾದರೆ ನಾಚಬೇಡಿ, ಆದರೆ ಅರ್ಧಕ್ಕೆ ಬಿಡಬೇಡಿ. ತಿಳಿಯದ್ದನ್ನು ತಿಳಿಯದೆಂದು ಹೇಳಲು ಹೆದರಬೇಡಿ, ಆದರೆ ಹುಡುಕುವುದನ್ನು ನಿಲ್ಲಿಸಬೇಡಿ.

ಅಲ್ಲಾಹನು ನಮಗೆ ಉಪಯುಕ್ತವಾದ ಇಲ್ಮ್ ಅನ್ನೂ ಅದಕ್ಕೆ ಬೇಕಾದ ಸಬ್ರ್ ಅನ್ನೂ ದಯಪಾಲಿಸಲಿ. ಆಮೀನ್.